ತುಮಕೂರಿನಿಂದ ಕಾಫಿ ಮೇಳಕ್ಕೆ: ಸ್ಟಾಲ್‌ನಲ್ಲಿ ನಿಲ್ಲುವ ಬರಿಸ್ತಾಗೆ ಸಮಗ್ರ ಮಾರ್ಗದರ್ಶಿ

ನೀವು ಬಿ.ಎಚ್. ರಸ್ತೆಯಲ್ಲೋ ಎಸ್‌ಐಟಿ ಕಾಲೇಜಿನ ಕಡೆಯಲ್ಲೋ ಒಂದು ಕೆಫೆಯಲ್ಲಿ ಬರಿಸ್ತಾ, ಅಂದರೆ ಕಾಫಿ ಮಾಡಿಕೊಡುವವರಾಗಿ, ಕೆಲಸ ಮಾಡುತ್ತಿದ್ದೀರಿ. ಬೆಂಗಳೂರಿನ ಕಾಫಿ ಮೇಳದಲ್ಲಿ ಮೂರು ದಿನ ಸ್ಟಾಲ್‌ನಲ್ಲಿ ನಿಲ್ಲೋಕೆ ಬರ್ತೀರಾ ಅಂತ ಫೋನ್ ಬಂದಿದೆ. ಈ ಬರಹ ನಿಮಗಾಗಿ.

ಮೇಳ ಅಂದರೆ ಲ್ಯಾಟೆ ಆರ್ಟ್ (ಕಾಫಿ ಮೇಲೆ ಹಾಲಿನ ನೊರೆಯ ಚಿತ್ರ) ತೋರಿಸುವ ಜಾಗ ಅಂದುಕೊಂಡು ಹೋಗುವ ಹುಡುಗರೇ ಜಾಸ್ತಿ. ನಾನು ಕಂಡಂತೆ ಅಲ್ಲಿ ಬರಿಸ್ತಾನ ಮಾನ ಉಳಿಸುವುದು ಮೂರು: ನೀರು, ಬಕೆಟ್ಟು, ಬಾಯಿ. ಹಂಸದ ಚಿತ್ರ ಬಿಡಿಸಲು ಬರದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಮಧ್ಯಾಹ್ನ 3 ಗಂಟೆಗೆ ಮೆಷಿನ್‌ಗೆ ನೀರು ನಿಂತರೆ, ಕೌಂಟರ್ ಕೆಳಗೆ ಗಲೀಜು ಹರಿದರೆ, ಎದುರು ನಿಂತ ಬೆಳೆಗಾರರ ಪ್ರಶ್ನೆಗೆ ಮುಖ ಮುಖ ನೋಡಿದರೆ, ಅದು ಎಲ್ಲರಿಗೂ ಕಾಣುತ್ತದೆ.

ಹೆಜ್ಜೆ 1: ಹೂಂ ಅನ್ನುವ ಮುಂಚೆ ಕೇಳಿಕೊಳ್ಳಿ

ಮೇಳದಲ್ಲಿ ಬರಿಸ್ತಾ ಬೇಕಾಗುವುದು ಬೇರೆ ಬೇರೆ ಥರದವರಿಗೆ. ಎಸ್ಪ್ರೆಸೊ (ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಮೆಷಿನ್ ಮಾರುವವರು, ಬೀಜ ಹುರಿಯುವ ರೋಸ್ಟರಿಯವರು, ಎಸ್ಟೇಟಿನವರು, ಹಾಲು-ಸಿರಪ್ ಕಂಪನಿಯವರು. ಕೆಲಸ ಒಂದೇ ಅನಿಸಿದರೂ ಒಂದೇ ಅಲ್ಲ. ಮೆಷಿನ್ ಕಂಪನಿಗೆ ಕಾಫಿಯ ರುಚಿಗಿಂತ ಮೆಷಿನ್ ಹೊಳೆಯುತ್ತಿರುವುದು ಮುಖ್ಯ. ರೋಸ್ಟರಿಗೆ ಪ್ರತಿ ಕಪ್ಪೂ ಅವರ ಬೀಜದ ಮರ್ಯಾದೆ. ಸಿರಪ್ ಕಂಪನಿಯ ಸ್ಟಾಲ್‌ನಲ್ಲಿ ನೀವು ದಿನವಿಡೀ ಐಸ್ ಒಡೆಯುತ್ತಿರುತ್ತೀರಿ. ಯಾರ ಸ್ಟಾಲ್ ಅಂತ ಮೊದಲು ತಿಳಿದುಕೊಳ್ಳಿ.

ಆಮೇಲೆ ದುಡ್ಡಿನ ಮಾತು. ನಾಚಿಕೆ ಬೇಡ. ದಿನಕ್ಕೆ ಎಷ್ಟು, ಎಷ್ಟು ಗಂಟೆ, ಊಟ ಯಾರದ್ದು, ಬಸ್ ಖರ್ಚು ಯಾರದ್ದು, ರಾತ್ರಿ ಉಳಿಯಬೇಕಾದರೆ ರೂಮು ಯಾರದ್ದು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮೇಳದ ಹಿಂದಿನ ದಿನ ಸ್ಟಾಲ್ ಕಟ್ಟುವುದು, ಕೊನೆಯ ರಾತ್ರಿ ಬಿಚ್ಚುವುದು ಸಂಬಳದ ಲೆಕ್ಕಕ್ಕೆ ಬರುತ್ತದಾ? ನನಗೆ ಒಂದು ಕಂಪನಿಯವರು ಮೂರು ದಿನದ ಮೇಳಕ್ಕೆ ಮೂರೇ ದಿನದ ದುಡ್ಡು ಕೊಟ್ಟರು. ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಪೆಟ್ಟಿಗೆ ಹೊತ್ತಿದ್ದು "ತಯಾರಿ" ಅಂತೆ, ಅದಕ್ಕೆ ಲೆಕ್ಕ ಇಲ್ಲವಂತೆ. ಹಾಗಾಗಿ ಬಾಯಿಮಾತಿನಲ್ಲಿ ಆದ ಒಪ್ಪಂದವನ್ನು ಅವತ್ತೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಹೀಗಿದ್ದರೆ ಸಾಕು: "ಸರ್, ಮಾತಾಡಿದ ಹಾಗೆ ಸೆಟಪ್ ಒಂದು ದಿನ, ಮೇಳ ಮೂರು ದಿನ, ಒಟ್ಟು ನಾಲ್ಕು ದಿನ. ಊಟ, ರೂಮು ನಿಮ್ಮದು. ಅರ್ಧ ಮುಂಗಡ, ಉಳಿದದ್ದು ಮೇಳ ಮುಗಿದ ವಾರದೊಳಗೆ. ಸರಿ ಅಂದರೆ ಒಂದು ರಿಪ್ಲೈ ಮಾಡಿ." ಆ ರಿಪ್ಲೈ ಬಂದ ಮೇಲೆಯೇ ನಿಮ್ಮ ಕೆಫೆ ಮಾಲೀಕರ ಹತ್ತಿರ ರಜೆ ಕೇಳಿ. ಸುಳ್ಳು ಹೇಳಿ ಹೋಗಬೇಡಿ. ಮೇಳದ ಫೋಟೋಗಳು ಇನ್‌ಸ್ಟಾಗ್ರಾಮ್‌ಗೆ ಬಂದೇ ಬರುತ್ತವೆ.

ಹೆಜ್ಜೆ 2: ಬೀಜದ ಬಗ್ಗೆ ಓದಿಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ತೆಂಗು ಇದೆ, ಅಡಿಕೆ ಇದೆ, ಶೇಂಗಾ ಇದೆ. ಕಾಫಿ ತೋಟ ಇಲ್ಲ. ಹಾಗಾಗಿ ನಮ್ಮ ಹುಡುಗರಿಗೆ ಕಪ್ಪಿನ ಕಾಫಿ ಗೊತ್ತು, ಗಿಡದ ಕಾಫಿ ಗೊತ್ತಿರುವುದಿಲ್ಲ. ಬೆಂಗಳೂರಿನ ಮೇಳಕ್ಕೆ ಚಿಕ್ಕಮಗಳೂರು, ಕೊಡಗು, ಸಕಲೇಶಪುರದಿಂದ ಬೆಳೆಗಾರರು ಬರುತ್ತಾರೆ. ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ 70 ಪರ್ಸೆಂಟ್ ಕರ್ನಾಟಕದ್ದೇ. ಅವರ ಎದುರು ನಿಂತು ಬರೀ "ಇದು ಅರೇಬಿಕಾ ಸರ್" ಅಂದರೆ ಸಾಲದು; ಅರೇಬಿಕಾ, ರೊಬಸ್ಟಾ ಕಾಫಿಯ ಎರಡು ಮುಖ್ಯ ಜಾತಿ ಅಷ್ಟೇ.

ಕನಿಷ್ಠ ಇಷ್ಟು ಗೊತ್ತಿರಲಿ. ನೀವು ಕೊಡುವ ಬೀಜ ಯಾವ ತಳಿ: ಎಸ್.795, ಸೆಲೆಕ್ಷನ್ 9, ಕಾವೇರಿ, ಚಂದ್ರಗಿರಿ, ರೊಬಸ್ಟಾ ಆದರೆ ಸಿ×ಆರ್. ಸಂಸ್ಕರಣೆ ಯಾವುದು: ನಮ್ಮ ತೋಟದವರು ವಾಶ್ಡ್, ಅಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾಗೆ ಪ್ಲಾಂಟೇಷನ್ ಅನ್ನುತ್ತಾರೆ, ಹಣ್ಣಿನ ಸಮೇತ ಒಣಗಿಸಿದ್ದಕ್ಕೆ ಚೆರ್ರಿ ಅನ್ನುತ್ತಾರೆ. ಕೆಫೆಯವರು ಅದನ್ನೇ ನ್ಯಾಚುರಲ್ ಅನ್ನೋದು. ಬೆಳೆಗಾರರು ರೇಟ್ ಮಾತಾಡುವುದು 50 ಕೆ.ಜಿ. ಮೂಟೆಗೆ, ರೋಸ್ಟರಿಯವರು ಮಾತಾಡುವುದು ಕೆ.ಜಿ.ಗೆ. ಇದು ಗೊತ್ತಿಲ್ಲದೆ ನಡುವೆ ತಲೆ ಹಾಕಿದರೆ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಎಸ್.795 ಬಗ್ಗೆ ಒಂದು ಮಾತು ಜಾಸ್ತಿ ಹೇಳಿದರೂ ನಡೆಯುತ್ತದೆ. 1940ರ ದಶಕದಲ್ಲಿ ನಮ್ಮಲ್ಲೇ ಬೆಳೆಸಿದ ತಳಿ ಅದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹೆಸರು ಈ ಮಾತಿನಲ್ಲಿ ಬಂದೇ ಬರುತ್ತದೆ. 1925ರಲ್ಲಿ ಶುರುವಾದ ಜಾಗ. ಇನ್ನು 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಐದು ಕಾಫಿಗಳಲ್ಲಿ ಮೂರು ನಮ್ಮ ರಾಜ್ಯದವು: ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ. ಉಳಿದ ಎರಡು ವಯನಾಡ್ ರೊಬಸ್ಟಾ ಮತ್ತು ಅರಕು ಅರೇಬಿಕಾ.

ಯಾವಾಗ ಹುರಿದದ್ದು ಅನ್ನುವುದನ್ನು ಸ್ಟಾಲ್‌ನವರನ್ನು ಕೇಳಲೇಬೇಕು. ಎಸ್ಪ್ರೆಸೊಗೆ ಹುರಿದು ಒಂದರಿಂದ ಎರಡು ವಾರ ಆದ ಬೀಜ ಒಳ್ಳೆಯದು. ಮೇಳಕ್ಕೆ ಫ್ರೆಶ್ ಇರಲಿ ಅಂತ ಹಿಂದಿನ ದಿನ ಹುರಿದು ತಂದರೆ ಒಳಗಿನ ಗ್ಯಾಸ್ ಹೋಗಿರುವುದಿಲ್ಲ. ಶಾಟ್, ಅಂದರೆ ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ, ನೊರೆನೊರೆಯಾಗಿ ಬರುತ್ತದೆ, ಗಂಟೆಗೊಂದು ಥರ ಓಡುತ್ತದೆ. ಅದನ್ನು ಸರಿಮಾಡುವುದರಲ್ಲೇ ದಿನ ಹೋಗುತ್ತದೆ.

ಹೆಜ್ಜೆ 3: ಪೆನ್ನು ಹಿಡಿದು ಲೆಕ್ಕ ಹಾಕಿ

ಒಂದು ಡಬಲ್ ಶಾಟ್‌ಗೆ 18 ಗ್ರಾಂ ಅಂದರೆ ಒಂದು ಕೆ.ಜಿ.ಗೆ 55 ಶಾಟ್. ದಿನಕ್ಕೆ 200 ಶಾಟ್ ಆಗುವ ಸ್ಟಾಲ್‌ಗೆ 3.6 ಕೆ.ಜಿ. ಬೇಕು. ಬೆಳಗಿನ ಡಯಲ್-ಇನ್ (ಪುಡಿ, ಸಮಯ ಹೊಂದಿಸಿ ರುಚಿ ಕೂರಿಸುವುದು), ಗ್ರೈಂಡರ್‌ನಲ್ಲಿ ಉಳಿಯುವುದು, ಕೆಟ್ಟ ಶಾಟ್‌ಗಳು ಎಲ್ಲ ಸೇರಿ ಅರ್ಧ ಕೆ.ಜಿ. ಮೇಲೆ ಇಟ್ಟುಕೊಳ್ಳಿ. ಸ್ಯಾಂಪಲ್ ಕಪ್ ಸಣ್ಣದಿದ್ದರೆ ಒಂದು ಡಬಲ್ ಶಾಟನ್ನು ಮೂರು ಕಪ್‌ಗೆ ಹಂಚಬಹುದು. ಪ್ರತಿ ಕಪ್‌ಗೆ ಸುಮಾರು 50 ಎಂ.ಎಲ್. ಹಾಲು. ಚೆಲ್ಲಿದ್ದು, ಪಿಚರ್‌ನಲ್ಲಿ (ಹಾಲು ಕಾಯಿಸುವ ಜಗ್) ಉಳಿದದ್ದು ಸೇರಿಸಿದರೆ ಲೀಟರ್‌ಗೆ 16-17 ಕಪ್ ಅಂತ ಹಿಡಿಯಿರಿ. ಈ ಲೆಕ್ಕ ಸ್ಟಾಲ್‌ನವರಿಗೆ ಮುಂಚೆಯೇ ಕಳಿಸಿದರೆ ನಿಮ್ಮ ಮೇಲೆ ಅವರಿಗೆ ಬರುವ ಗೌರವವೇ ಬೇರೆ.

ಕರೆಂಟ್ ಲೆಕ್ಕ ಹಾಕುವವರು ಕಡಿಮೆ. ಮಾಮೂಲಿ 16 ಆಂಪ್ ಪ್ಲಗ್ಗಿನಲ್ಲಿ 230 ವೋಲ್ಟ್‌ಗೆ ಬರುವುದು 3.68 ಕಿಲೋವ್ಯಾಟ್. ಎರಡು ಗ್ರೂಪ್ (ಶಾಟ್ ಇಳಿಯುವ ತಲೆ) ಇರುವ ಮೆಷಿನ್ ಒಂದೇ ಅದನ್ನು ತಿಂದುಬಿಡಬಹುದು. ಅದೇ ಲೈನಿಗೆ ಕೆಟಲ್ ಸಿಕ್ಕಿಸಿದರೆ ಟ್ರಿಪ್ ಗ್ಯಾರಂಟಿ. ಮೆಷಿನ್ ಹಿಂದಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ, ಫೋಟೋ ತರಿಸಿಕೊಂಡು ನೋಡಿ. ಮೇಳದಲ್ಲಿ ಕರೆಂಟನ್ನು ಮೊದಲೇ ಕಿಲೋವ್ಯಾಟ್ ಲೆಕ್ಕದಲ್ಲಿ ಬುಕ್ ಮಾಡಬೇಕು. ರಾತ್ರಿ ಹಾಲ್ ಮುಚ್ಚಿದ ಮೇಲೆ ಸ್ಟಾಲ್‌ಗಳ ಲೈನ್ ಆಫ್ ಮಾಡುವುದು ಮಾಮೂಲು. ಅಂದರೆ ಫ್ರಿಜ್ ಕೂಡ ಆಫ್. 24 ಗಂಟೆ ಲೈನ್ ಕೇಳಿದ್ದಾರಾ ಅಂತ ವಿಚಾರಿಸಿ, ಇಲ್ಲದಿದ್ದರೆ ಉಳಿದ ಹಾಲಿಗೆ ಐಸ್ ಬಾಕ್ಸ್ ಹೇಳಿ.

ಹಾಲಿನ ವಿಷಯದಲ್ಲಿ ನನ್ನ ಮಾತು ಇಷ್ಟೇ: ಮೂರೂ ದಿನ ಒಂದೇ ಹಾಲು. ಹೋಮೋಜಿನೈಸ್ ಆದ ಹಾಲಾದರೆ ಕೆನೆ ಬೇರೆಯಾಗದೆ ನೊರೆ ನಯವಾಗಿ ನಿಲ್ಲುತ್ತದೆ. ನಂದಿನಿ ಗುಡ್‌ಲೈಫ್‌ನಂಥ ಯುಎಚ್‌ಟಿ (ತೀರಾ ಹೆಚ್ಚು ಬಿಸಿಯಲ್ಲಿ ಸಂಸ್ಕರಿಸಿದ) ಹಾಲಾದರೆ ಪ್ಯಾಕ್ ತೆರೆಯುವ ತನಕ ಫ್ರಿಜ್ ಬೇಕಿಲ್ಲ, ಮೇಳಕ್ಕೆ ಅದೇ ಸಲೀಸು.

ಹೆಜ್ಜೆ 4: ನೀರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಪ್ಪಿನಲ್ಲಿ ಬಹುಪಾಲು ಇರುವುದು ನೀರೇ. ತುಮಕೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಗೀಸರ್ ಬಿಚ್ಚಿದ ಪ್ಲಂಬರ್‌ನ ಕೇಳಿ. ಆ ನೀರು ಮೆಷಿನ್‌ಗೆ ಹೋದರೆ ಬಾಯ್ಲರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಹಾಗಂತ ಮೇಳದಲ್ಲಿ ಉಲ್ಟಾ ಕಷ್ಟ. ಅಲ್ಲಿ ಸಿಗುವ 20 ಲೀಟರ್ ಕ್ಯಾನ್ ಸಾಮಾನ್ಯವಾಗಿ ಆರ್‌ಒ ನೀರು, ಅದರಲ್ಲಿ ಖನಿಜಾಂಶ ತೀರಾ ಕಮ್ಮಿ ಇರಬಹುದು. ಅಂಥ ನೀರಿನಲ್ಲಿ ಎಷ್ಟು ಒಳ್ಳೆಯ ಬೀಜ ಹಾಕಿದರೂ ಕಾಫಿ ಸಪ್ಪೆ. ಇನ್ನೊಂದು ತಮಾಷೆ ಇದೆ. ಕೆಲವು ಮೆಷಿನ್‌ಗಳು ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ತಿಳಿಯುವುದು ನೀರಿನಲ್ಲಿ ಹರಿಯುವ ಸಣ್ಣ ಕರೆಂಟ್‌ನಿಂದ. ಖನಿಜವೇ ಇಲ್ಲದ ನೀರು ಹಾಕಿದರೆ ಮೆಷಿನ್‌ಗೆ ನೀರು ಇರುವುದೇ ಗೊತ್ತಾಗುವುದಿಲ್ಲ, ತುಂಬಿಸುತ್ತಲೇ ಇರುತ್ತದೆ.

ಹಾಗಾದರೆ ಎಷ್ಟಿರಬೇಕು? ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್‌ನ ಹಳೆಯ ಮಾನದಂಡದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಗುರಿ ಲೀಟರ್‌ಗೆ 150 ಮಿಲಿಗ್ರಾಂ, ಮಿತಿ 75ರಿಂದ 250. ಒಂದು ಟಿಡಿಎಸ್ ಮೀಟರ್ ಕೊಂಡುಕೊಳ್ಳಿ, ಪೆನ್ನಿನಷ್ಟು ಸಣ್ಣದು, ಜೇಬಿನಲ್ಲಿ ಹಿಡಿಯುತ್ತದೆ. ಕ್ಯಾನ್ ನೀರು 40 ತೋರಿಸಿತು, ಫಿಲ್ಟರ್ ಆದ ಇನ್ನೊಂದು ಕುಡಿಯುವ ನೀರು 300 ತೋರಿಸಿತು ಅಂತಿಟ್ಟುಕೊಳ್ಳಿ. ಕ್ಯಾನಿನದ್ದು 14 ಲೀಟರ್, ಇನ್ನೊಂದು 6 ಲೀಟರ್ ಬೆರೆಸಿದರೆ 118 ಬರುತ್ತದೆ. ಸಾಕು. ಮೀಟರ್ ಎಲ್ಲವನ್ನೂ ಹೇಳುವುದಿಲ್ಲ, ಗಡಸುತನ ಬೇರೆ ಲೆಕ್ಕ. ಬೆರೆಸಿದ ನೀರನ್ನು ಕುಡಿದು ನೋಡಿ, ಉಪ್ಪುಪ್ಪಾಗಿದ್ದರೆ ಬಿಟ್ಟುಬಿಡಿ.

ಸ್ಟಾಲ್‌ಗೆ ನಲ್ಲಿ ಲೈನ್ ಇರುವುದು ಅಪರೂಪ. ಕ್ಯಾನಿನಿಂದ ಸಣ್ಣ ಪಂಪ್ ನೀರೆಳೆದು ಮೆಷಿನ್‌ಗೆ ಕೊಡುತ್ತದೆ. ಇದನ್ನು ಹತ್ತಿರದಿಂದ ನೋಡಿ. ಕ್ಯಾನಿನ ಮುಚ್ಚಳದಲ್ಲಿ ಪೈಪ್ ಇಳಿಯುವ ತೂತಿನ ಜೊತೆ ಗಾಳಿ ಹೋಗಲು ಇನ್ನೊಂದು ಸಣ್ಣ ತೂತು ಇರಬೇಕು, ಇಲ್ಲದಿದ್ದರೆ ಕ್ಯಾನ್ ಒಳಕ್ಕೆ ಚಪ್ಪಟೆಯಾಗಿ ನೀರು ಬರುವುದು ನಿಲ್ಲುತ್ತದೆ. ಪೈಪಿನ ತುದಿ ತಳಕ್ಕೆ ಮುಟ್ಟಿರಬೇಕು, ಆದರೆ ತಳಕ್ಕೆ ಕಚ್ಚಿಕೊಂಡಿರಬಾರದು. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಆ ಕಾಟ ಇಲ್ಲ. ಪಂಪ್ ಸಾಮಾನ್ಯವಾಗಿ ಶಾಟ್ ಹಾಕಿದಾಗ ಮಾತ್ರ ಗುರ್ ಅನ್ನುತ್ತದೆ. ಶಾಟ್ ಇಲ್ಲದೆಯೂ ಟಕಟಕ ಅಂತ ಬಿಡದೆ ಹೊಡೆಯುತ್ತಿದ್ದರೆ ಕ್ಯಾನ್ ಖಾಲಿ, ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಆ ಸದ್ದು ಕಿವಿಗೆ ಬಿದ್ದ ತಕ್ಷಣ ಪಂಪ್ ಆಫ್ ಮಾಡಿ, ಕ್ಯಾನ್ ಬದಲಿಸಿ.

ಹೋಗುವ ನೀರಿಗೂ ಅಷ್ಟೇ ಗಮನ ಬೇಕು. ಡ್ರೈನ್ ಪೈಪ್ ಕೌಂಟರ್ ಕೆಳಗಿನ ಬಕೆಟ್‌ಗೆ ಇಳಿದಿರುತ್ತದೆ. ಪೈಪಿನ ತುದಿ ಬಕೆಟ್ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಮೇಲಿನ ಟ್ರೇ ಖಾಲಿಯಾಗದೆ ಕೌಂಟರ್ ಮೇಲೆ ಉಕ್ಕುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ, ಅರ್ಧ ತುಂಬಿದಾಗಲೇ ಬದಲಿಸಿ. ತುಂಬಿದ ಬಕೆಟ್ಟನ್ನು ಜನರ ನಡುವೆ ಹೊತ್ತುಕೊಂಡು ಹೋಗುವುದು ಎಷ್ಟು ಕಷ್ಟ ಅಂತ ಒಂದು ಸಲ ಹೊತ್ತವರಿಗೇ ಗೊತ್ತು. ಚೆಲ್ಲುವ ಜಾಗ ಎಲ್ಲಿದೆ ಅಂತ ಸೆಟಪ್ ದಿನವೇ ನೋಡಿಕೊಳ್ಳಿ, ಹಾಲ್‌ನ ಇನ್ನೊಂದು ತುದಿಯಲ್ಲಿರುತ್ತದೆ.

ಹೆಜ್ಜೆ 5: ಚೀಲ

ಸ್ಟಾಲ್‌ನವರು ಎಲ್ಲ ಕೊಡುತ್ತೇವೆ ಅಂದಿರುತ್ತಾರೆ. ಆದರೂ ಇವು ನಿಮ್ಮದೇ ಇರಲಿ: 0.1 ಗ್ರಾಂ ತೋರಿಸುವ ತಕ್ಕಡಿ, ಟ್ಯಾಂಪರ್ (ಪುಡಿ ಒತ್ತುವ ಸಾಧನ), ನಿಮ್ಮ ಕೈಗೆ ಒಗ್ಗಿದ ಪಿಚರ್, ಥರ್ಮಾಮೀಟರ್, ಟಿಡಿಎಸ್ ಮೀಟರ್, ಗ್ರೂಪ್ ಹೆಡ್ ಬ್ರಷ್, ಬ್ಯಾಕ್‌ಫ್ಲಶ್ ಪೌಡರ್ (ಗ್ರೂಪನ್ನು ಒಳಗಿನಿಂದ ತೊಳೆಯಲು), ಅದಕ್ಕೆ ಬೇಕಾದ ತೂತಿಲ್ಲದ ಬ್ಲೈಂಡ್ ಫಿಲ್ಟರ್, ಒಂದು ಸ್ಕ್ರೂಡ್ರೈವರ್, ಟೆಫ್ಲಾನ್ ಟೇಪ್, ಮಾರ್ಕರ್ ಪೆನ್. ಬಟ್ಟೆ ಮಾತ್ರ ಎಷ್ಟಿದ್ದರೂ ಸಾಲದು. ಹಾಲು ಕಾಯಿಸುವ ಸ್ಟೀಮ್ ವ್ಯಾಂಡ್‌ಗೆ ಒಂದು ಬಣ್ಣ, ಪುಡಿ ತುಂಬುವ ಹಿಡಿ ಅಂದರೆ ಪೋರ್ಟಾಫಿಲ್ಟರ್‌ಗೆ ಒಂದು, ಕೌಂಟರ್‌ಗೆ ಒಂದು. ಬಣ್ಣ ಬೇರೆ ಇದ್ದರೆ ಹೊಸ ಹುಡುಗ ಬಂದರೂ ಹಾಲಿನ ಬಟ್ಟೆಯಲ್ಲಿ ಪೋರ್ಟಾಫಿಲ್ಟರ್ ಒರೆಸುವುದಿಲ್ಲ. ಎಲ್ಲದರ ಮೇಲೂ ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಮೇಳದಲ್ಲಿ ಟ್ಯಾಂಪರ್‌ಗೆ ಕಾಲು ಬರುತ್ತದೆ.

ಶೂ ಹೊಸದು ಬೇಡ. ಹಳೆಯದು, ಜಾರದ್ದು.

ಹೆಜ್ಜೆ 6: ಹೋಗುವ ದಾರಿ

ದೊಡ್ಡ ಮೇಳಗಳು ನಡೆಯುವ ಬಿಐಇಸಿ (ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರ) ಇರುವುದು ತುಮಕೂರು ರಸ್ತೆಯಲ್ಲೇ, ಮಾದಾವರದಲ್ಲಿ. ಈ ವಿಷಯದಲ್ಲಿ ನಮಗೆ ಅದೃಷ್ಟ. ಜಯನಗರದ ಬರಿಸ್ತಾ ಇಡೀ ಊರು ದಾಟಿ ಬರಬೇಕು, ನಾವು ನೆಲಮಂಗಲ ದಾಟಿದರೆ ಬಂದೇಬಿಟ್ಟೆವು. ಆದರೆ ಬಸ್ ಹತ್ತುವ ಮುಂಚೆ ಕಂಡಕ್ಟರ್‌ನ ಕೇಳಿ, "ಬಿಐಇಸಿ ಹತ್ರ ನಿಲ್ಲಿಸ್ತೀರಾ ಸಾರ್?" ನಾನ್‌ಸ್ಟಾಪ್ ಆದರೆ ಅವರು ನಿಲ್ಲಿಸದೆ ಹೋಗಬಹುದು. ಮುಂದೆ ಮೇಲ್ಸೇತುವೆ ಹತ್ತಿದರೆ ಇಳಿಯುವುದು ಗೊರಗುಂಟೆಪಾಳ್ಯದಲ್ಲಿ. ಅಲ್ಲಿಂದ ಮೆಟ್ರೋ ಹಿಡಿದು ವಾಪಸ್ ಬರಬೇಕು. ಹಸಿರು ಮಾರ್ಗ 2024ರ ನವೆಂಬರ್‌ನಿಂದ ಮಾದಾವರದ ತನಕ ಓಡುತ್ತಿದೆ, ಹಾಗಾಗಿ ಪರದಾಟ ಏನಿಲ್ಲ. ರೈಲಿನಲ್ಲಿ ಬರುವವರು ಯಶವಂತಪುರದಲ್ಲಿ ಇಳಿದು ಅದೇ ಮೆಟ್ರೋ ಹಿಡಿಯಬಹುದು. ಹೆಣ್ಣುಮಕ್ಕಳು ಆಧಾರ್ ಜೊತೆಗಿಟ್ಟುಕೊಳ್ಳಿ, ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ ಫ್ರೀ.

ಎಲ್ಲ ಕಾರ್ಯಕ್ರಮವೂ ಬಿಐಇಸಿಯಲ್ಲೇ ಆಗುವುದಿಲ್ಲ. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ವಿಶ್ವ ಕಾಫಿ ಸಮ್ಮೇಳನ ನಡೆದದ್ದು ಬೆಂಗಳೂರು ಅರಮನೆಯಲ್ಲಿ. ಏಷ್ಯಾದಲ್ಲಿ ಅದು ನಡೆದದ್ದು ಅದೇ ಮೊದಲು. ಆ ಕಡೆ ಕೆಲಸ ಇದ್ದರೆ ದಿನಾ ತುಮಕೂರಿನಿಂದ ಓಡಾಡುವ ಯೋಚನೆ ಬಿಡಿ. ಬೆಳಗಿನ ಹೊತ್ತು ಮೇಖ್ರಿ ಸರ್ಕಲ್ ಟ್ರಾಫಿಕ್ ನಂಬಿ ಮೆಷಿನ್ ಆನ್ ಮಾಡುವ ಟೈಮ್ ಹೇಳಲಾಗದು.

ಹೆಜ್ಜೆ 7: ಸೆಟಪ್ ದಿನ

ಈ ದಿನ ಹಾಲ್‌ನಲ್ಲಿ ಎಸಿ ಇರುವುದಿಲ್ಲ, ಬರೀ ಮರದ ಪುಡಿ, ಪೇಂಟ್ ವಾಸನೆ, ಸುತ್ತಿಗೆ ಸದ್ದು. ಗ್ರೈಂಡರ್ ಹಾಪರ್ (ಬೀಜ ತುಂಬುವ ಬುಟ್ಟಿ) ತೆರೆದಿಡಬೇಡಿ, ಪ್ಲಾಸ್ಟಿಕ್ ಸುತ್ತಿ.

ಕೌಂಟರ್ ಗಟ್ಟಿ ಇದೆಯಾ ಅಂತ ಮೊದಲು ಕೈ ಊರಿ ಅಲ್ಲಾಡಿಸಿ. ಎರಡು ಗ್ರೂಪ್ ಮೆಷಿನ್ ಒಬ್ಬರು ಎತ್ತುವ ವಸ್ತು ಅಲ್ಲ. ಎಕ್ಸಿಬಿಷನ್ ಕೌಂಟರ್‌ಗಳು ಪ್ಲೈವುಡ್, ಬ್ರೋಶರ್ ಇಡಲು ಮಾಡಿದ್ದು. ಮಧ್ಯದಲ್ಲಿ ಕಾಲು ಇಲ್ಲದಿದ್ದರೆ ಹಾಕಿಸಿ. ಮೆಷಿನ್ ಮಟ್ಟವಾಗಿ ಕೂತಿದೆಯಾ ಅಂತ ಫೋನಿನ ಲೆವೆಲ್ ಆ್ಯಪ್‌ನಲ್ಲಿ ನೋಡಿ. ಆಮೇಲೆ ಮೊದಲು ನೀರು, ಮತ್ತೆ ಹೀಟರ್. ಬಾಯ್ಲರ್ ತುಂಬುವ ಮುಂಚೆ ಹೀಟಿಂಗ್ ಆನ್ ಮಾಡಿದರೆ ಎಲಿಮೆಂಟ್ ಸುಟ್ಟುಹೋಗಬಹುದು. ಟೆಕ್ನಿಷಿಯನ್ ಇದ್ದಾಗಲೇ ಎರಡೂ ಗ್ರೂಪ್‌ನಿಂದ ನೀರು ಬಿಟ್ಟು, ಸ್ಟೀಮ್ ಬಿಟ್ಟು, ಸೋರಿಕೆ ನೋಡಿ. ಅವರ ನಂಬರ್ ಇಸ್ಕೊಳ್ಳದೆ ಬಿಡಬೇಡಿ.

ಗ್ರೈಂಡರ್ ಬಲಗೈ ಕಡೆಯೋ ಎಡಗೈ ಕಡೆಯೋ, ನಾಕ್ ಬಾಕ್ಸ್ (ಬಳಸಿದ ಪುಡಿ ತಟ್ಟಿ ಹಾಕುವ ಡಬ್ಬ) ಎಲ್ಲಿ, ಕಪ್ ಎಲ್ಲಿ. ನಿಮ್ಮ ಕೆಫೆಯಲ್ಲಿ ಹೇಗಿದೆಯೋ ಹಾಗೇ ಜೋಡಿಸಿ. ಮೂರನೇ ದಿನ ತಲೆ ಓಡದಿದ್ದರೂ ಕೈ ಓಡುತ್ತದೆ.

ಹೆಜ್ಜೆ 8: ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ

ಜನ ಬರುವುದಕ್ಕೆ ಒಂದೂವರೆ ಗಂಟೆ ಮುಂಚೆ ಸ್ಟಾಲ್‌ನಲ್ಲಿರಿ. ಮೆಷಿನ್ ಪೂರ್ತಿ ಬಿಸಿಯಾಗಲು ಮುಕ್ಕಾಲು ಗಂಟೆ ಕೊಡಿ. ಪೋರ್ಟಾಫಿಲ್ಟರ್ ಗ್ರೂಪ್‌ನಲ್ಲೇ ಸಿಕ್ಕಿಸಿಡಿ, ಅದೂ ಬಿಸಿಯಾಗಬೇಕು.

ಡಯಲ್-ಇನ್ ಶುರು ಮಾಡಲು ಎಲ್ಲರಿಗೂ ಗೊತ್ತಿರುವ ಲೆಕ್ಕ ಸಾಕು: 18 ಗ್ರಾಂ ಒಳಗೆ, 36 ಗ್ರಾಂ ಹೊರಗೆ, 25ರಿಂದ 30 ಸೆಕೆಂಡ್, 93 ಡಿಗ್ರಿ, 9 ಬಾರ್. ಬೇಗ ಓಡಿ ಹುಳಿ, ತೆಳು ಅನಿಸಿದರೆ ಪುಡಿ ಸಣ್ಣ ಮಾಡಿ. ನಿಧಾನವಾಗಿ ತೊಟ್ಟಿಕ್ಕಿ ಕಹಿ ಆದರೆ ದಪ್ಪ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಗ್ರೈಂಡ್ ತಿರುಗಿಸಿದ ಮೇಲೆ ಒಂದೆರಡು ಡೋಸ್ ಪುಡಿ ಚೆಲ್ಲಲೇಬೇಕು, ಹಳೆಯ ಸೈಜಿನ ಪುಡಿ ಒಳಗೆ ಉಳಿದಿರುತ್ತದೆ. ಇದು ದಂಡ ಅಂತ ಸ್ಟಾಲ್ ಮಾಲೀಕರು ಮುಖ ಸಿಂಡರಿಸಬಹುದು, ಪರವಾಗಿಲ್ಲ.

ಮೇಳದ ವಿಶೇಷ ಏನೆಂದರೆ ಬೆಳಿಗ್ಗೆ ಕೂರಿಸಿದ್ದು ಮಧ್ಯಾಹ್ನಕ್ಕೆ ಕೂರುವುದಿಲ್ಲ. ಬೆಳಿಗ್ಗೆ ಖಾಲಿ ಹಾಲ್, ತಣ್ಣಗೆ. 12 ಗಂಟೆಗೆ ಸಾವಿರಾರು ಜನರ ಉಸಿರು, ದೀಪಗಳ ಬಿಸಿ. ಬಿಡುವಿಲ್ಲದೆ ಓಡಿದ ಗ್ರೈಂಡರ್‌ನ ಬರ್ (ಬೀಜ ಅರೆಯುವ ಹಲ್ಲು) ಕೂಡ ಬಿಸಿಯಾಗಿರುತ್ತದೆ. ಹಾಗಾಗಿ ಗಂಟೆಗೊಮ್ಮೆ ಒಂದು ಶಾಟ್ ತೂಗಿ, ಸೆಕೆಂಡ್ ನೋಡಿ, ರುಚಿ ನೋಡಿ. ಒಂದು ಚೀಟಿ ಗ್ರೈಂಡರ್‌ಗೆ ಅಂಟಿಸಿ ಸಮಯ, ಗ್ರೈಂಡ್ ನಂಬರ್, ಸೆಕೆಂಡ್ ಬರೆಯುತ್ತಾ ಹೋಗಿ. ಎರಡನೇ ದಿನ ಆ ಚೀಟಿ ನೋಡಿದರೆ ಯಾವ ಹೊತ್ತಿಗೆ ಏನು ಬದಲಿಸಬೇಕು ಅಂತ ಮುಂಚೆಯೇ ತಿಳಿಯುತ್ತದೆ.

ಹೆಜ್ಜೆ 9: ಜನ ಬಂದಾಗ

ಕೌಂಟರ್ ಮುಂದೆ ಬರುವವರಲ್ಲಿ ಮೊದಲ ಪ್ರಶ್ನೆ ಗ್ಯಾರಂಟಿ ಇದು: "ಇದ್ರಲ್ಲಿ ಚಿಕೋರಿ ಎಷ್ಟು ಪರ್ಸೆಂಟ್?" ನಗಬೇಡಿ. ಅವರ ಮನೆಯಲ್ಲಿ ತಲೆಮಾರಿನಿಂದ ಫಿಲ್ಟರ್ ಕಾಫಿ ಇದೆ, ಅದು ಸರಿಯಾದ ಪ್ರಶ್ನೆಯೇ. "ಇದ್ರಲ್ಲಿ ಚಿಕೋರಿ ಇಲ್ಲ ಅಮ್ಮಾ, ಅದಕ್ಕೆ ನೀವು ಕುಡಿಯೋದಕ್ಕಿಂತ ಸ್ವಲ್ಪ ಹುಳಿ ಅನ್ಸುತ್ತೆ. ಸಕ್ಕರೆ ಇಲ್ದೆ ಒಂದು ಗುಟುಕು ನೋಡಿ, ಆಮೇಲೆ ಹಾಕ್ಕೊಡ್ತೀನಿ" ಅನ್ನಿ. ರುಚಿ ಹೇಳುವಾಗ ಪ್ಯಾಕೆಟ್ ಮೇಲೆ ಇರುವ ಬ್ಲೂಬೆರಿ, ಬರ್ಗಮಾಟ್ ಬಿಡಿ. ಹುಣಸೆ, ಬೆಲ್ಲ, ಕಿತ್ತಳೆ ಸಿಪ್ಪೆ, ನೇರಳೆ, ಹುರಿದ ಕಡಲೆಬೀಜ. ಬಾಯಿಗೆ ಗೊತ್ತಿರುವ ಹೆಸರು ಹೇಳಿದರೆ ನಾಲಿಗೆ ತಾನೇ ಹುಡುಕಿಕೊಳ್ಳುತ್ತದೆ.

ದರ್ಶಿನಿ ಮಾಲೀಕರು ಬೇರೆ ಥರ. ಕುಡಿಯುವ ಮುಂಚೆಯೇ ಕೇಳುತ್ತಾರೆ, "ಕಪ್‌ಗೆ ಎಷ್ಟು ಬೀಳುತ್ತೆ?" ಈ ಉತ್ತರ ಬಾಯಲ್ಲೇ ಇರಬೇಕು. ಉದಾಹರಣೆಗೆ ಬೀಜ ಕೆ.ಜಿ.ಗೆ 1,200 ರೂಪಾಯಿ ಆದರೆ 18 ಗ್ರಾಂಗೆ 21 ರೂಪಾಯಿ 60 ಪೈಸೆ. ಡಬಲ್ ಶಾಟನ್ನು ಎರಡು ಕಪ್ ಮಾಡಿದರೆ ಕಪ್‌ಗೆ 10 ರೂಪಾಯಿ 80 ಪೈಸೆ. ಹಾಲು, ಕರೆಂಟ್ ಬೇರೆ. ಇದನ್ನು ಥಟ್ಟನೆ ಹೇಳಿ, ಆಮೇಲೆ ಸ್ಟಾಲ್‌ನ ಸೇಲ್ಸ್‌ನವರ ಕೈಗೆ ಒಪ್ಪಿಸಿ. ಗಂಟೆಗೆ ಎಷ್ಟು ಕಪ್, ಸರ್ವಿಸ್ ಎಲ್ಲಿ, ಕಂತು ಇದೆಯಾ ಅನ್ನುವುದು ಅವರ ಕೆಲಸ. ರೇಟ್ ನೀವೇ ಹೇಳಿಬಿಟ್ಟರೆ ಸಂಜೆ ಮಾತು ಕೇಳಬೇಕಾಗುತ್ತದೆ.

ಬೆಳೆಗಾರರು ಬಂದರೆ ಕೈ ಬಿಡುವು ಮಾಡಿಕೊಳ್ಳಿ. ಕೆಲವರು ತಮ್ಮ ತೋಟದ ಕಾಫಿಯನ್ನು ಎಸ್ಪ್ರೆಸೊ ಆಗಿ ಕುಡಿದೇ ಇರುವುದಿಲ್ಲ. "ಅಣ್ಣಾ, ನಿಮ್ಮದು ಎಷ್ಟು ಎತ್ತರದಲ್ಲಿದೆ? ನೆರಳಿಗೆ ಯಾವ ಮರ?" ಅಂತ ಕೇಳಿ ನೋಡಿ. ಹತ್ತು ನಿಮಿಷದಲ್ಲಿ ಕಲಿಯುವಷ್ಟನ್ನು ಯಾವ ಕ್ಲಾಸಿನಲ್ಲೂ ಕಲಿಸುವುದಿಲ್ಲ. ಎಷ್ಟೋ ಸ್ಟಾಲ್‌ಗಳಲ್ಲಿ ಇಂಗ್ಲಿಷ್, ಹಿಂದಿ ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿ ಕನ್ನಡದಲ್ಲಿ ಮಾತಾಡುವ ಬರಿಸ್ತಾ ಮುಂದೆಯೇ ಬೆಳೆಗಾರರು, ಹೋಟೆಲ್‌ನವರು ನಿಲ್ಲುತ್ತಾರೆ. ಇದನ್ನು ಮುಂದಿನ ಸಲ ರೇಟ್ ಮಾತಾಡುವಾಗ ನೆನಪಿಟ್ಟುಕೊಳ್ಳಿ, ಅಲ್ವಾ?

ರಶ್ ಆದಾಗ ಒಬ್ಬರು ಶಾಟ್, ಒಬ್ಬರು ಹಾಲು. ಹಾಲು 60 ಡಿಗ್ರಿ ಆಸುಪಾಸು ನಿಲ್ಲಿಸಿ. "ಇನ್ನೂ ಬಿಸಿ ಬೇಕು" ಅನ್ನುವವರು ಇದ್ದೇ ಇರುತ್ತಾರೆ, ನಮ್ಮ ಕಡೆ ಕಾಫಿ ಅಂದರೆ ಹೊಗೆಯಾಡಬೇಕು. ಅವರಿಗೆ ಬೇರೆ ಪಿಚರ್‌ನಲ್ಲಿ ಮಾಡಿಕೊಡಿ, ವಾದಕ್ಕೆ ಇಳಿಯಬೇಡಿ. ಒಮ್ಮೆ ಕಾಯಿಸಿದ ಹಾಲನ್ನು ಮತ್ತೆ ಕಾಯಿಸಬೇಡಿ.

ದಿನವಿಡೀ ರುಚಿ ನೋಡುತ್ತೀರಲ್ಲ, ನುಂಗಬೇಡಿ, ಉಗುಳಿ. ಒಂದು ಮುಚ್ಚಳದ ಕಪ್ ಇಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ತನಕ ಪರವಾಗಿಲ್ಲ ಅನ್ನುತ್ತಾರೆ. ಡಬಲ್ ಶಾಟ್‌ನಲ್ಲಿ ಸುಮಾರು 120 ಇರುತ್ತದೆ, ರೊಬಸ್ಟಾ ಜಾಸ್ತಿ ಇದ್ದರೆ ಇನ್ನೂ ಮೇಲೆ. ಮೂರು ಡಬಲ್ ಶಾಟ್ ಕುಡಿಯುವಷ್ಟರಲ್ಲಿ ಕೋಟಾ ಹೆಚ್ಚುಕಮ್ಮಿ ಮುಗಿಯಿತು. ಬೆಳಿಗ್ಗೆ ಹೊಟ್ಟೆಗೆ ಹಾಕಿಕೊಂಡು ಹೋಗಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದಾರಿಯಲ್ಲೇ ಇದೆ, ನೆಪ ಹೇಳಬೇಡಿ.

ಹೆಜ್ಜೆ 10: ಬಿಡುವಿನಲ್ಲಿ

ಊಟದ ಸರದಿಯಲ್ಲಿ ಅರ್ಧ ಗಂಟೆ ಸಿಕ್ಕರೆ ಫೋನ್ ನೋಡುತ್ತಾ ಕೂರಬೇಡಿ. ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಟೇಬಲ್ ಎಲ್ಲಿದೆ ಹುಡುಕಿ. 150 ಎಂ.ಎಲ್. ನೀರಿಗೆ 8.25 ಗ್ರಾಂ ಪುಡಿ, ನಾಲ್ಕು ನಿಮಿಷಕ್ಕೆ ಮೇಲಿನ ಪದರ ಒಡೆಯುವುದು, ಚಮಚದಲ್ಲಿ ಸೊರ್ ಅಂತ ಎಳೆಯುವುದು. ಸದ್ದು ಮಾಡಲು ಸಂಕೋಚ ಬೇಡ, ಅಲ್ಲಿ ಎಲ್ಲರೂ ಮಾಡುತ್ತಾರೆ.

ಬರಿಸ್ತಾ ಸ್ಪರ್ಧೆ ಇದ್ದರೆ ಒಬ್ಬರ ಸರದಿಯನ್ನಾದರೂ ಪೂರ್ತಿ ನೋಡಿ. ವಿಶ್ವ ಬರಿಸ್ತಾ ಚಾಂಪಿಯನ್‌ಶಿಪ್ 2000ರಲ್ಲಿ ಶುರುವಾದದ್ದು, ರಾಷ್ಟ್ರಮಟ್ಟದಲ್ಲಿ ಗೆದ್ದವರು ಅಲ್ಲಿಗೆ ಹೋಗುತ್ತಾರೆ. 15 ನಿಮಿಷದಲ್ಲಿ ಎಸ್ಪ್ರೆಸೊ, ಹಾಲಿನ ಕಾಫಿ, ತಮ್ಮದೇ ಕಲ್ಪನೆಯ ಒಂದು ಕಾಫಿ. ಕಪ್ ನೋಡಬೇಡಿ, ಬಟ್ಟೆ ನೋಡಿ: ಯಾವಾಗ ಒರೆಸುತ್ತಾರೆ, ಎಲ್ಲಿ ಇಡುತ್ತಾರೆ. ಕಾಫಿ ಬೋರ್ಡ್ ಸ್ಟಾಲ್ ಇದ್ದರೆ ಅವರ ತರಬೇತಿಗಳ ವಿವರ ಕೇಳಿ. ಕಾಪಿ ಶಾಸ್ತ್ರ ಅನ್ನುವ ಸಣ್ಣ ಕೋರ್ಸ್ ಹೊಸಬರಿಗೆ ಒಳ್ಳೆಯದು.

ಹೆಜ್ಜೆ 11: ಕೊನೆಯ ಸಂಜೆ ಮತ್ತು ಬಾಕಿ ದುಡ್ಡು

ಮುಗಿಯುವ ಗಂಟೆಗೆ ಮುಂಚೆ ಮೆಷಿನ್ ಬಿಚ್ಚಲು ಬಿಡುವುದಿಲ್ಲ. ಹಾಗಾಗಿ ಬ್ಯಾಕ್‌ಫ್ಲಶ್, ಸ್ಟೀಮ್ ವ್ಯಾಂಡ್ ತೊಳೆಯುವುದು, ಹಾಪರ್ ಖಾಲಿ ಮಾಡುವುದನ್ನು ಜನ ಕರಗುವಾಗಲೇ ಒಂದೊಂದಾಗಿ ಶುರು ಮಾಡಿ. ಒಂದು ಗ್ರೂಪ್ ಮುಚ್ಚಿ ತೊಳೆಯಿರಿ, ಇನ್ನೊಂದರಲ್ಲಿ ಕಾಫಿ ಕೊಡುತ್ತಿರಿ. ಬಾಯ್ಲರ್ ಖಾಲಿ ಮಾಡುವುದು ಟೆಕ್ನಿಷಿಯನ್ ಕೆಲಸ, ಕುದಿಯುವ ನೀರಿನ ಜೊತೆ ಸಾಹಸ ಬೇಡ. ನಿಮ್ಮ ಸಾಮಾನು ಮೊದಲು ಚೀಲಕ್ಕೆ. ಪ್ಯಾಕ್ ಮಾಡುವವರು ಬಂದರೆ ಅವರ ಪೆಟ್ಟಿಗೆಗೆ ಎಲ್ಲವೂ ಸೇರುತ್ತದೆ.

ಉಳಿದ ಬೀಜ ಒಂದು ಪ್ಯಾಕೆಟ್ ಕೇಳಿ ತೆಗೆದುಕೊಳ್ಳಿ, ಕೇಳದೆ ಬೇಡ. ಮೂರು ದಿನದ ಗ್ರೈಂಡ್ ಚೀಟಿಯ ಫೋಟೋ ಸ್ಟಾಲ್‌ನವರಿಗೆ ಕಳಿಸಿ, ಜೊತೆಗೆ ಎಷ್ಟು ಕೆ.ಜಿ. ಬೀಜ, ಎಷ್ಟು ಲೀಟರ್ ಹಾಲು ಖರ್ಚಾಯಿತು ಅಂತ ಎರಡು ಸಾಲು. ಮುಂದಿನ ಮೇಳಕ್ಕೆ ಅವರು ಮೊದಲು ಫೋನ್ ಮಾಡುವುದು ಇಂಥ ಲೆಕ್ಕ ಕೊಟ್ಟವರಿಗೆ.

ರಾತ್ರಿ ತಡವಾದರೆ ಹೆದ್ದಾರಿಯಲ್ಲಿ ನಿಂತು ಕೈ ಅಡ್ಡ ಹಾಕಬೇಡಿ. ನೆಲಮಂಗಲಕ್ಕೆ ಹೋಗಿ ಅಲ್ಲಿಂದ ಬಸ್ ಹಿಡಿಯಿರಿ, ಇಲ್ಲವೇ ಆ ರಾತ್ರಿಯ ರೂಮನ್ನೂ ಮೊದಲೇ ಒಪ್ಪಂದದಲ್ಲಿ ಸೇರಿಸಿ.

ಬಿಲ್ಲನ್ನು ಮರುದಿನವೇ ಕಳಿಸಿ: ಹೆಸರು, ದಿನಾಂಕಗಳು, ದಿನದ ದರ, ಮುಂಗಡ ಕಳೆದು ಬಾಕಿ, ಬ್ಯಾಂಕ್ ವಿವರ, ಪ್ಯಾನ್ ನಂಬರ್. ತೆರಿಗೆ ಹಿಡಿದುಕೊಂಡರೆ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ, ರಿಟರ್ನ್ ಹಾಕಿದಾಗ ಬೇಕಾಗುತ್ತದೆ. ವಾರ ಕಳೆದರೂ ದುಡ್ಡು ಬರದಿದ್ದರೆ ಸೇಲ್ಸ್‌ನವರನ್ನು ಬಿಟ್ಟು ಸೀದಾ ಅಕೌಂಟ್ಸ್‌ನವರಿಗೆ ಫೋನ್ ಮಾಡಿ, ಒಪ್ಪಂದದ ಆ ವಾಟ್ಸಾಪ್ ಮೆಸೇಜನ್ನೇ ಫಾರ್ವರ್ಡ್ ಮಾಡಿ.